ಗ್ಯಾಸ್ ಬಂದ ಮನೆಯ ಹೊಗೆ

ದಾವಣಗೆರೆಯ ಅಂಚಿಗಿರುವ ಆವರಗೆರೆ ಒಂದು ಕಾಲಕ್ಕೆ ಬೇರೆಯೇ ಊರು, ಈಗ ಪಾಲಿಕೆಯ ಒಳಗಿನ ಊರು. ಬೀದಿದೀಪ, ನಲ್ಲಿ, ಕಂದಾಯದ ರಸೀದಿ ಎಲ್ಲ ಪೇಟೆಯದು. ಹಿತ್ತಿಲು ಮಾತ್ರ ಇನ್ನೂ ಹಳ್ಳಿಯದು. ಚಳಿಗಾಲದ ಒಂದು ಬೆಳಗ್ಗೆ ಐದೂವರೆಗೆ ಅಲ್ಲಿನ ಪರಿಚಯದ ಮನೆಗೆ ಹೋಗಿದ್ದೆ. ಒಳಗೆ ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಎರಡು ಬರ್ನರಿನ ಗ್ಯಾಸ್ ಒಲೆ, ಅದರ ಮೇಲೆ ಚಹಾ. ಹಿತ್ತಿಲಲ್ಲಿ ಮೂರು ಸೈಜುಗಲ್ಲು, ಮೇಲೆ ಮಸಿ ಹಿಡಿದ ಹಂಡೆ, ಕೆಳಗೆ ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು, ಒಣಗಿದ ತೆಂಗಿನ ಗರಿ, ಜಾಲಿ ಕಟ್ಟಿಗೆ. ಬೆಂಕಿ ಹಿಡಿಯಲೆಂದು ಹಾಲಿನ ಕವರೊಂದನ್ನು ಮೊದಲು ಹಚ್ಚಿದ್ದರು. ಹೊಗೆ ನೆಲಕ್ಕೇ ಅಂಟಿಕೊಂಡು ಪಕ್ಕದ ಮನೆಯ ಕಿಟಕಿಯೊಳಗೆ ನುಗ್ಗುತ್ತಿತ್ತು. ಪಕ್ಕದ ಮನೆಯ ಹೊಗೆ ಇತ್ತ ಬರುತ್ತಿತ್ತು.

"ಗ್ಯಾಸ್ ಐತಲ್ಲಕ್ಕಾ?" ಎಂದೆ.

"ಐತಪ್ಪಾ. ಆರು ಮಂದಿ ಜಳಕದ ನೀರು ಗ್ಯಾಸ್ ಮೇಲೆ ಕಾಸಿದ್ರೆ ಸಿಲಿಂಡರ್ ಇಪ್ಪತ್ತು ದಿನಾನೂ ಬರಲ್ಲ."

ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ಆರು ಜನಕ್ಕೆ ತೊಂಬತ್ತು ಲೀಟರ್ ನೀರು. ಅದನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 2,250 ಕಿಲೊಕ್ಯಾಲರಿ ಬೇಕು. ಒಂದು ಕೆಜಿ ಅಡುಗೆ ಅನಿಲದಲ್ಲಿರುವುದು 11,000 ಕಿಲೊಕ್ಯಾಲರಿ, ಪಾತ್ರೆಗೆ ಸೇರುವುದು ಅದರ ಅರ್ಧ. ಅಂದರೆ ಸ್ನಾನಕ್ಕೇ ದಿನಕ್ಕೆ 400 ಗ್ರಾಂ. ಅಡುಗೆಗೆ ಇನ್ನೊಂದು 300 ಗ್ರಾಂ ಸೇರಿಸಿದರೆ 14.2 ಕೆಜಿಯ ಸಿಲಿಂಡರ್ ಇಪ್ಪತ್ತನೇ ದಿನಕ್ಕೆ ಖಾಲಿ. ಅಕ್ಕನ ಲೆಕ್ಕ ಸರಿಯಾಗಿಯೇ ಇತ್ತು.

ಬಡವರ ಮನೆಯ ಹೊಗೆಯನ್ನು ಹೇಗೆ ಕಳೆಯಬೇಕು ಎಂಬ ಪ್ರಶ್ನೆಗೆ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಅದಕ್ಕಾಗಿ ಹೊಸ ಒಲೆಗಳು ಬಂದವು, ಯೋಜನೆಗಳು ಬಂದವು, ದೊಡ್ಡ ದೊಡ್ಡ ಅಧ್ಯಯನಗಳು ನಡೆದವು. ಆ ಚರಿತ್ರೆಯಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಆದರೂ ಈ ಹಂಡೆ ಒಲೆ ಯಾವ ಪಂಥದ ಲೆಕ್ಕಕ್ಕೂ ಸರಿಯಾಗಿ ಸಿಕ್ಕಿಲ್ಲ ಎನ್ನುವುದು ನನ್ನ ಅನುಮಾನ.

ಹೊಗೆ ಯಾವಾಗ ರೋಗವಾಯಿತು

ಅಡುಗೆಮನೆಯ ಹೊಗೆಯನ್ನು ನಮ್ಮ ಹಿರಿಯರು ರೋಗವೆಂದು ಕಂಡವರಲ್ಲ. ಇಲ್ಲಣ ಜೋತಾಡುವ ಮಾಡು, ಕಪ್ಪಾದ ತೊಲೆ, ಉರಿಯುವ ಕಣ್ಣು, ಊದುಗೊಳವೆ ಇವೆಲ್ಲ ಸಂಸಾರದ ಭಾಗವೇ ಆಗಿದ್ದವು. ಹೊಗೆಗೆ ಉಪಕಾರವೂ ಇತ್ತು: ಅಟ್ಟದ ಮೇಲಿನ ಬೀಜದ ತೆನೆಗೆ ಹುಳ ಬೀಳುತ್ತಿರಲಿಲ್ಲ, ಗಳಕ್ಕೆ ಗೆದ್ದಲು ಹತ್ತುತ್ತಿರಲಿಲ್ಲ. ಸ್ವಾತಂತ್ರ್ಯದ ಹೊತ್ತಿಗೆ ವಾರ್ಧಾದ ಮಗನವಾಡಿಯಲ್ಲಿ ಗಾಂಧಿವಾದಿಗಳು ಮಗನ್ ಚೂಲಾ ಮಾಡಿದರು. 1953ರಲ್ಲಿ ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು ಕೋಟ್ಯಂತರ ಜನಕ್ಕೆ ಹೊಗೆಯಿಲ್ಲದ ಅಡುಗೆಮನೆ ಬೇಕೆಂದು ಪುಸ್ತಿಕೆ ಬರೆದರು. ಆದರೂ ಹೆಚ್ಚಿನವರ ಮನಸ್ಸಿನಲ್ಲಿ ಅದು ಚೊಕ್ಕಟತನದ, ಹೆಂಗಸರ ಅನುಕೂಲದ ವಿಷಯವಾಗಿಯೇ ಉಳಿಯಿತು.

ಅದನ್ನು ಅಳೆಯುವ ವಸ್ತುವಾಗಿ ಮಾಡಿದವರಲ್ಲಿ ಅಮೆರಿಕದ ಕರ್ಕ್ ಸ್ಮಿತ್ ಮುಖ್ಯರು. 1980ರ ದಶಕದ ಆರಂಭದಲ್ಲಿ ಅವರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಉಸಿರಿನ ಗಾಳಿಯನ್ನೇ ಹಿಡಿದು ತೂಗಿದರು. ಯಾವ ಕಾರ್ಖಾನೆ ನಗರದಲ್ಲೂ ಕಾಣದಷ್ಟು ಕಣ ಅದರಲ್ಲಿತ್ತು. ಇಂದು ಪಿಎಂ 2.5 ಎಂದು ಕರೆಯುವ ಸೂಕ್ಷ್ಮ ಕಣ ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 5 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಭಾರತದ ಮಿತಿ 40. ಕಟ್ಟಿಗೆ ಒಲೆಯ ಅಡುಗೆಮನೆಯಲ್ಲಿ ಅದು ನೂರುಗಟ್ಟಲೆ ಇರುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಸಾವು ಸಂಭವಿಸಿದವೆಂಬುದು ಅದೇ ಸಂಸ್ಥೆಯ ಅಂದಾಜು.

ನಮ್ಮ ರಾಜ್ಯದ ಕೊಡುಗೆಯೂ ಇಲ್ಲಿದೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಶ್ವಾಸಕೋಶ ಪರೀಕ್ಷಿಸಿ 2013ರಲ್ಲಿ ಒಂದು ಸೂಚ್ಯಂಕ ಮುಂದಿಟ್ಟರು. ದಿನಕ್ಕೆ ಒಲೆಯ ಮುಂದೆ ಕೂರುವ ಗಂಟೆಗಳನ್ನು ಹಾಗೆ ಕೂತ ವರ್ಷಗಳಿಂದ ಗುಣಿಸಿ; ಉತ್ತರ 60 ದಾಟಿದರೆ ದೀರ್ಘಕಾಲದ ಕೆಮ್ಮು-ಕಫದ ರೋಗಕ್ಕೆ ದಾರಿ ತೆರೆದಂತೆ. ದಿನಕ್ಕೆ ಮೂರು ಗಂಟೆಯಾದರೆ ಇಪ್ಪತ್ತು ವರ್ಷ. ಹದಿನೆಂಟಕ್ಕೆ ಮದುವೆಯಾಗಿ ಬಂದ ಹೆಣ್ಣು ಮೂವತ್ತೆಂಟಕ್ಕೆ ಆ ಗೆರೆ ಮುಟ್ಟುತ್ತಾಳೆ, ಜೀವನದಲ್ಲಿ ಒಂದು ಬೀಡಿಯನ್ನೂ ಸೇದದೆ. ಈ ವಿಷಯದ ಮೇಲೆ ನಾನು ಓದಿದ್ದರಲ್ಲಿ ನೆನಪಿನಲ್ಲಿ ನಿಂತ ಅಂಕಿ ಇದೊಂದೇ. ಯಾವ ತಾಯಿಗಾದರೂ ಬೆರಳೆಣಿಸಿ ಹೇಳಿಕೊಡಬಹುದಾದ್ದು.

ಒಲೆ ತಿದ್ದಿದವರು

ಮೊದಲ ಪಂಥ ಎಂಜಿನಿಯರುಗಳದು. ಅವರ ವಾದ ಸರಳ: ಬಡವರು ಕಟ್ಟಿಗೆ ಬಿಡುವುದಿಲ್ಲ, ಆದ್ದರಿಂದ ಒಲೆಯನ್ನೇ ತಿದ್ದಿ. ಇದರ ದೊಡ್ಡ ಶಾಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಶುರುವಾದ 'ಅಸ್ತ್ರ'. ರಾಸಾಯನಿಕ ವಿಜ್ಞಾನದಲ್ಲಿ ಹೆಸರು ಮಾಡಿದ್ದ ರೆಡ್ಡಿ ಪ್ರಯೋಗಾಲಯ ಬಿಟ್ಟು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೋದರು. ಉಂಗ್ರ, ಪುರ ಮುಂತಾದ ಊರುಗಳಲ್ಲಿ ಯಾರು ಎಷ್ಟು ದೂರ ನಡೆದು ಎಷ್ಟು ಪುಳ್ಳೆ ತರುತ್ತಾರೆ ಎಂಬುದನ್ನು ಮನೆಮನೆಗೆ ಹೋಗಿ ಬರೆದುಕೊಂಡರು. ಹಳ್ಳಿಯ ಇಂಧನದ ಬಹುಪಾಲು ಅಡುಗೆಗೇ ಹೋಗುತ್ತದೆ, ಅದರಲ್ಲೂ ಬಹುಪಾಲು ಕಡ್ಡಿಪುಳ್ಳೆಯೇ ಎಂದು ಗೊತ್ತಾಯಿತು. ಬಡ ಹೆಂಗಸರೇ ಕಾಡು ಕಡಿದು ಹಾಳು ಮಾಡುತ್ತಿದ್ದಾರೆ ಎಂದು ಆಗ ಜಗತ್ತೆಲ್ಲ ಹೇಳುತ್ತಿದ್ದ ಮಾತಿಗೆ ಆ ಪಟ್ಟಿಗಳೇ ಸಾಕಾದಷ್ಟು ಉತ್ತರ.

ಕೆ.ಎಸ್. ಜಗದೀಶ್, ಎಸ್.ಎಸ್. ಲೋಕ್ರಸ್ ಮತ್ತಿತರರು ಸೇರಿ ರೂಪಿಸಿದ್ದು ಅಸ್ತ್ರ ಒಲೆ. ಮೂರು ಪಾತ್ರೆಗೆ ಮೂರು ಬಾಯಿ, ಬೆಂಕಿಗೆ ಮುಚ್ಚಿದ ಗೂಡು, ಕೆಳಗೆ ಗಾಳಿಯಾಡುವ ಜಾಲರಿ, ಕೊನೆಗೆ ಹೊಗೆ ಕೊಳವೆ. ಮೂರು ಕಲ್ಲಿನ ಒಲೆಯಲ್ಲಿ ಶಾಖದ ಹತ್ತರಲ್ಲೊಂದು ಪಾಲು ಪಾತ್ರೆಗೆ ಸೇರಿದರೆ ದೊಡ್ಡದು. ಅಸ್ತ್ರ ಒಲೆ ಪ್ರಯೋಗಾಲಯದಲ್ಲಿ ಅದರ ಮೂರು ಪಟ್ಟಿಗೂ ಮೀರಿ ಕೊಟ್ಟಿತು. ಇದೇ ತಂಡ ಸ್ನಾನದ ನೀರು ಕಾಯಿಸುವ ಒಲೆಯನ್ನೂ ಮಾಡಿತ್ತು ಎಂಬುದನ್ನು ಇಲ್ಲಿ ಗುರುತು ಹಾಕಿಡುತ್ತೇನೆ. ಅದು ಅಡುಗೆ ಒಲೆಯಷ್ಟು ಹೆಸರು ಮಾಡಲಿಲ್ಲ.

1980ರ ದಶಕದ ನಡುವಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ ಆರಂಭಿಸಿದಾಗ ಕರ್ನಾಟಕದ ಪಾಲಿಗೆ ಬಂದದ್ದು ಹೆಚ್ಚಾಗಿ ಅಸ್ತ್ರ ಒಲೆಯೇ. ದೇಶದಲ್ಲಿ ಒಟ್ಟು ಮೂರೂವರೆ ಕೋಟಿಯಷ್ಟು ಒಲೆ ಕಟ್ಟಿದ ಲೆಕ್ಕವಿದೆ. 2002ರಲ್ಲಿ ಕೇಂದ್ರ ಕಾರ್ಯಕ್ರಮವನ್ನು ಕೈಬಿಟ್ಟಿತು. ಏಕೆಂದು ಕೇಳಿದರೆ ಯಾವ ಹಳ್ಳಿಯ ಅಜ್ಜಿಯೂ ಹೇಳಿಯಾಳು. ಗೂಡಿನ ಬಾಯಿ ಸಣ್ಣದು, ಕಟ್ಟಿಗೆಯನ್ನು ಗೇಣುದ್ದಕ್ಕೆ ಸೀಳಿ ಕೊಡುವವರಾರು? ಮಣ್ಣು ಬಿರುಕು ಬಿಟ್ಟರೆ ಮೆತ್ತಲು ಒಲೆ ಕಟ್ಟಿದವನು ಮತ್ತೆ ಬರಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿತು. ಅದನ್ನು ಬಿಚ್ಚಿ ಜಾಡಿಸಬೇಕೆಂದು ಯಾರೂ ಹೇಳಿರಲಿಲ್ಲ. ಮಳೆಗಾಲದಲ್ಲಿ ಹೆಂಚಿನ ಸಂದಿಯಿಂದ ನೀರು ಇಳಿಯಿತು. ಮೂರನೇ ಬಾಯಿಯ ಮೇಲೆ ಇಟ್ಟಿದ್ದು ಬೆಚ್ಚಗಾಗುತ್ತಿತ್ತು, ಬೇಯುತ್ತಿರಲಿಲ್ಲ. ರೊಟ್ಟಿ ಸುಡುವವರಿಗಂತೂ ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಒರಗಿಸಿ ಉಬ್ಬಿಸಲು ಒಲೆಯ ಮುಂದೆ ಕೆಂಡ ಬೇಕು. ಮುಚ್ಚಿದ ಒಲೆಯಲ್ಲಿ ಕೆಂಡ ಎಲ್ಲಿಂದ ಬರಬೇಕು?

ಒಲೆ ಕೆಟ್ಟದ್ದಾಗಿತ್ತು ಎನ್ನಲಾರೆ. ಸರ್ಕಾರ ಎಣಿಸಿದ್ದು ಕಟ್ಟಿದ ಒಲೆಗಳನ್ನು, ಉರಿದ ಒಲೆಗಳನ್ನಲ್ಲ. ಬೆಂಗಳೂರಿನ 'ಟೈಡ್' ಸಂಸ್ಥೆ ಮುಂದೆ ಅದೇ ವಿದ್ಯೆಯನ್ನು ಅಡಿಕೆ ಬೇಯಿಸುವವರು, ರೇಷ್ಮೆ ನೂಲು ತೆಗೆಯುವವರಂಥ ಸಣ್ಣ ಉದ್ಯಮದವರ ಬಳಿಗೆ ಒಯ್ದು ಗೆದ್ದಿತು. 2008ರಲ್ಲಿ ಅದಕ್ಕೆ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿಯೂ ಬಂತು. ಕಟ್ಟಿಗೆಗೆ ದುಡ್ಡು ಕೊಡುವವನು ಕಟ್ಟಿಗೆ ಉಳಿಸುವ ಒಲೆಯನ್ನು ಜೋಪಾನ ಮಾಡುತ್ತಾನೆ. ಹೊಲದ ಬದುವಿನಿಂದ ಪುಕ್ಕಟೆ ತರುವ ಮನೆಗೆ ಆ ಉಳಿತಾಯ ಕಣ್ಣಿಗೇ ಕಾಣುವುದಿಲ್ಲ.

ಉರುವಲು ಯಾರದು

ಸರ್ಕಾರ ಒಲೆ ಕಟ್ಟಿಸುತ್ತಿದ್ದ 1980ರ ದಶಕದಲ್ಲೇ ಹರಿಹರದ ಸುತ್ತ ಇನ್ನೊಂದು ವಾದ ಎದ್ದಿತು. ಅದಕ್ಕೂ ಆರೋಗ್ಯಕ್ಕೂ ನೇರ ನಂಟಿಲ್ಲ. ಆದರೆ ಒಲೆಯ ಕಥೆಯಿಂದ ಅದನ್ನು ಬಿಡುವಂತಿಲ್ಲ. ತುಂಗಭದ್ರೆಯ ದಡದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿ ಒದಗಿಸಲು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಹುಟ್ಟಿತು. ಸುಮಾರು 30,000 ಹೆಕ್ಟೇರ್ ಗೋಮಾಳದಂಥ ಭೂಮಿಯನ್ನು ಅದಕ್ಕೆ ಕೊಡುವ ಒಪ್ಪಂದ. ಪುಳ್ಳೆ, ಮೇವು, ಸಗಣಿ ಆರಿಸುತ್ತಿದ್ದ ಜಾಗ ಅದು. ನೀಲಗಿರಿಯನ್ನು ದನ ತಿನ್ನುವುದಿಲ್ಲ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ನಡೆಯಿತು: ನೀಲಗಿರಿ ಸಸಿ ಕೀಳುವುದು, ಜನಕ್ಕೆ ಬೇಕಾದ ಗಿಡ ನೆಡುವುದು. ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು.

ಈ ಪಂಥದವರ ಪ್ರಕಾರ ಹೊಗೆ ಎನ್ನುವುದು ಬಡತನದ ಗುರುತು. ಒಳ್ಳೆಯ ಕಟ್ಟಿಗೆ ಸಿಕ್ಕರೆ ಹೊಗೆ ಕಡಿಮೆ. ಕಟ್ಟಿಗೆ ತಪ್ಪಿದರೆ ಜನ ಹತ್ತಿಕಟ್ಟಿಗೆಗೆ ಇಳಿಯುತ್ತಾರೆ, ಆಮೇಲೆ ಕುಳ್ಳಿಗೆ, ಕೊನೆಗೆ ಪ್ಲಾಸ್ಟಿಕ್ಕಿಗೆ. ಹಾಲಿನ ಕವರ್ ಹಚ್ಚಿದ್ದನ್ನು ಕಂಡ ಮೇಲೆ ಈ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಶ್ವಾಸಕೋಶಕ್ಕೆ ಅವರ ಬಳಿ ಉತ್ತರವಿಲ್ಲ. ಗೋಮಾಳ ಉಳಿದರೂ ಹೊಗೆ ಹೊಗೆಯೇ.

ಸಿಲಿಂಡರ್ ಪಂಥ

ದಶಕಗಳ ಕಾಲ ಒಲೆ ತಿದ್ದುವುದನ್ನು ಬೆಂಬಲಿಸಿದ ಕರ್ಕ್ ಸ್ಮಿತ್ ಅವರೇ ಕೊನೆಕೊನೆಗೆ ಮಾತು ಬದಲಿಸಿದರು: ಸಿಕ್ಕಿದ್ದನ್ನು ಸ್ವಚ್ಛ ಮಾಡಲು ಹೆಣಗುವ ಬದಲು ಸ್ವಚ್ಛವಾದದ್ದೇ ಎಲ್ಲರಿಗೂ ಸಿಗುವಂತೆ ಮಾಡಿ ಎಂದರು. ಉಳ್ಳವರು ಸಬ್ಸಿಡಿ ಬಿಡಲಿ, ಅದು ಬಡವರಿಗೆ ಸೇರಲಿ ಎಂಬ 2015ರ ಕರೆಯ ಬೆನ್ನಿಗೇ 2016ರ ಮೇ 1ರಂದು ಉತ್ತರ ಪ್ರದೇಶದ ಬಲ್ಲಿಯಾದಲ್ಲಿ ಬಡ ಹೆಂಗಸರಿಗೆ ಗ್ಯಾಸ್ ಸಂಪರ್ಕ ಕೊಡುವ ಉಜ್ವಲ ಯೋಜನೆ ಆರಂಭವಾಯಿತು. 2019ರ ಸೆಪ್ಟೆಂಬರಿನ ಹೊತ್ತಿಗೆ 8 ಕೋಟಿ ಸಂಪರ್ಕ. ಈಗ ಅದು 10 ಕೋಟಿ ದಾಟಿದೆ. ಕರ್ನಾಟಕ ತನ್ನದೇ ಅನಿಲಭಾಗ್ಯ ತಂದಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019-21ರಲ್ಲಿ ರಾಜ್ಯದ ಶೇ 80ರಷ್ಟು ಮನೆಗಳು ಅಡುಗೆಗೆ ಸ್ವಚ್ಛ ಇಂಧನ ಬಳಸುತ್ತಿದ್ದವು; ದೇಶದ ಸರಾಸರಿ ಶೇ 58.6.

ಇಷ್ಟು ಬೇಗ ಇಷ್ಟು ಅಡುಗೆಮನೆ ಬದಲಾದದ್ದು ಜಗತ್ತಿನಲ್ಲಿ ಅಪರೂಪ, ಆ ಕೀರ್ತಿಯನ್ನು ಕಸಿಯಬೇಕಾಗಿಲ್ಲ. ಪ್ರಶ್ನೆ ಇರುವುದು ಎರಡನೇ ಸಿಲಿಂಡರಿನಲ್ಲಿ. ಕೊಪ್ಪಳ ಜಿಲ್ಲೆಯ ಗ್ಯಾಸ್ ಮಾರಾಟದ ದಾಖಲೆಗಳನ್ನೇ ಹಿಡಿದು ಅಭಿಷೇಕ್ ಕರ್ ಮತ್ತು ಸಂಗಡಿಗರು 2019ರಲ್ಲಿ 'ನೇಚರ್ ಎನರ್ಜಿ' ಪತ್ರಿಕೆಯಲ್ಲಿ ಬರೆದ ಅಧ್ಯಯನ ಈ ಚರ್ಚೆಗೆ ಕನ್ನಡ ನಾಡು ಕೊಟ್ಟ ಇನ್ನೊಂದು ಕಾಣಿಕೆ. ಉಜ್ವಲದಿಂದ ಸಂಪರ್ಕದ ಸಂಖ್ಯೆ ಜಿಗಿಯಿತು, ಅನಿಲದ ಬಳಕೆ ಅದರ ಜೊತೆ ಜಿಗಿಯಲಿಲ್ಲ. ಫಲಾನುಭವಿಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಮೊದಲ ವರ್ಷ ಒಂದು ರೀಫಿಲ್ಲನ್ನೂ ತರಿಸಲಿಲ್ಲ. 2022ರಲ್ಲಿ ಸಿಲಿಂಡರ್ ಸಾವಿರ ರೂಪಾಯಿ ದಾಟಿತು. ಆಗ ಉಜ್ವಲದವರಿಗೆ 200, ಮರುವರ್ಷ 300 ರೂಪಾಯಿ ಸಬ್ಸಿಡಿ ಬಂತು. ಸಬ್ಸಿಡಿ ಬರುವುದು ಆಮೇಲೆ, ಬ್ಯಾಂಕಿಗೆ. ಗಾಡಿಯವನಿಗೆ ಪೂರ್ತಿ ದುಡ್ಡನ್ನು ಮೊದಲೇ ಎಣಿಸಬೇಕು. ಕೂಲಿ ಬರುವ ವಾರವೂ ಸಿಲಿಂಡರ್ ಮುಗಿಯುವ ವಾರವೂ ಒಂದೇ ಆಗಿರುವುದಿಲ್ಲ.

ಆರ್ಥಿಕ ತಜ್ಞರಿಗೂ ಮಹಿಳಾ ಅಧ್ಯಯನದವರಿಗೂ ಇಲ್ಲಿ ಜಗಳ. ಬೆಲೆ ಇಳಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಮೊದಲಿನವರು. ಹೆಂಗಸಿನ ದುಡಿಮೆಗೆ ಮನೆಯಲ್ಲಿ ಬೆಲೆ ಕಟ್ಟದಿರುವಾಗ ಪುಳ್ಳೆ ಯಾವತ್ತೂ ಅಗ್ಗವೇ ಎನ್ನುವವರು ಎರಡನೆಯವರು. ಒಲೆಯ ಮುಂದೆ ಕೂರುವವರು ಒಬ್ಬರು, ದುಡ್ಡು ಬಿಚ್ಚುವವರು ಇನ್ನೊಬ್ಬರು. ನನ್ನ ಒಲವು ಎರಡನೆಯ ಕಡೆಗೆ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಮನೆಯೊಡತಿಯ ಖಾತೆಗೇ ಬರುತ್ತಿದೆ. ಈ ಜಗಳವನ್ನು ತೀರ್ಮಾನಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗದು: ರೀಫಿಲ್ ಲೆಕ್ಕವನ್ನು ಆ ತಿಂಗಳ ಹಿಂದೆ-ಮುಂದೆ ಇಟ್ಟು ನೋಡಿದರಾಯಿತು.

ದಿಂಡು, ಹೊಟ್ಟು, ಸಗಣಿ

ನಾಲ್ಕನೆಯವರು ಸ್ಥಳೀಯ ಇಂಧನದವರು. ದಾವಣಗೆರೆ ಜಿಲ್ಲೆ ಮೆಕ್ಕೆಜೋಳದ ಕಣಜ; ಭದ್ರಾ ಕಾಲುವೆಯ ಕೆಳಗೆ ಭತ್ತ. ದಿಂಡು, ಹೊಟ್ಟು ಬೆಟ್ಟದಷ್ಟು ಬೀಳುತ್ತವೆ. ತಗಡಿನ ಡಬ್ಬಿಯ ನಡುವೆ ಕೋಲು ನಿಲ್ಲಿಸಿ, ಸುತ್ತ ಹೊಟ್ಟು ತುಂಬಿ, ಗುದ್ದಿ, ಕೋಲು ಎಳೆದು ಆ ತೂತಿನಲ್ಲಿ ಬೆಂಕಿ ಹಚ್ಚುವ ಹೊಟ್ಟಿನ ಒಲೆಯನ್ನು ಈ ಭಾಗದ ಹಳಬರೆಲ್ಲ ಬಲ್ಲರು. ಸರಿಯಾಗಿ ಗುದ್ದಿದರೆ ಮೂರು ಗಂಟೆ ಒಂದೇ ಸಮ ಉರಿ. ಸಡಿಲ ಬಿಟ್ಟರೆ ಕುಸಿದು ಮನೆಯೆಲ್ಲ ಹೊಗೆ.

ಇದನ್ನೇ ವಿಜ್ಞಾನದ ಮಟ್ಟಕ್ಕೆ ಏರಿಸಿದ್ದು ಊರ್ಜಾ ಒಲೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಅವರ ತಂಡದ ವಿದ್ಯೆ, ಬಿಪಿ ಕಂಪನಿಯ ಬಂಡವಾಳ. 2006ರಲ್ಲಿ ಮಾರುಕಟ್ಟೆಗೆ ಬಂತು. ಕೃಷಿ ತ್ಯಾಜ್ಯದ ಒತ್ತುಗುಳಿಗೆ, ಸಣ್ಣ ಫ್ಯಾನು, ನೀಲಿಗೆ ಹತ್ತಿರದ ಉರಿ. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡಿನಲ್ಲಿ ನಾಲ್ಕು ಲಕ್ಷದಷ್ಟು ಮಾರಾಟವಾಯಿತು. ಆಮೇಲೆ ಅದೇ ತ್ಯಾಜ್ಯಕ್ಕೆ ಕಾರ್ಖಾನೆಯ ಬಾಯ್ಲರುಗಳು ಹೆಚ್ಚು ಬೆಲೆ ಕೊಡತೊಡಗಿದವು, ಗುಳಿಗೆ ತುಟ್ಟಿಯಾಯಿತು, ಒಲೆ ಅಟ್ಟ ಸೇರಿತು. ಕಸಕ್ಕೆ ಬೆಲೆ ಬಂದ ದಿನವೇ ಅದು ಬಡವರ ಕೈ ತಪ್ಪಿತು.

ಗೋಬರ್ ಗ್ಯಾಸಿನ ಕಥೆ ಬೇರೆ. ಬಾಗೇಪಲ್ಲಿಯ ಕೂಲಿ ಸಂಘ ಇಂಗಾಲದ ಕ್ರೆಡಿಟ್ ಮಾರಿದ ಹಣದಿಂದ 5,500 ಘಟಕ ಕಟ್ಟುವ ಯೋಜನೆ ಹಾಕಿ ನಡೆಸಿತು. ಹೊಗೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ನಾಲ್ಕೈದು ರಾಸು ಬೇಕು, ನೀರು ಬೇಕು. ಟ್ರ್ಯಾಕ್ಟರ್ ಬಂದು ಎತ್ತು ಹೋದ ಊರಿನಲ್ಲಿ ತೊಟ್ಟಿ ತುಂಬುವುದು ಕಷ್ಟ. ಕುಣಿಗಲ್ಲಿನ ಪುರದಲ್ಲಿ ಅಸ್ತ್ರದವರೇ ಊರೊಟ್ಟಿನ ಅನಿಲ ಘಟಕ ಕಟ್ಟಿದ್ದರು. ಇಡೀ ಊರಿನ ಅಡುಗೆಗೆ ಸಗಣಿ ಸಾಲದೆಂದು ತಿಳಿದ ಮೇಲೆ 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ದೀಪ, ಕುಡಿಯುವ ನೀರು ಕೊಟ್ಟರು. ಹೆಂಗಸರು ಸಂತೋಷದಿಂದ ಒಪ್ಪಿದ್ದು ನಲ್ಲಿ ನೀರನ್ನು. ಹೊಗೆ ಅವರ ದೂರಿನ ಪಟ್ಟಿಯಲ್ಲಿ ಅಷ್ಟು ಮೇಲೆ ಇರಲಿಲ್ಲ. ಆರೋಗ್ಯದವರು ಈ ಮಾತನ್ನು ಇಷ್ಟಪಡುವುದಿಲ್ಲ.

ಆಸ್ಪತ್ರೆಯ ಲೆಕ್ಕ ಏಕೆ ಕೂಡುತ್ತಿಲ್ಲ

ಈಗ ಬರುವುದು ಅತ್ಯಂತ ಮುಜುಗರದ ಭಾಗ. ಹೊಗೆ ಕೆಟ್ಟದ್ದು, ಒಲೆ ಬದಲಾದರೆ ಹೊಗೆ ಕಡಿಮೆ, ಆದ್ದರಿಂದ ರೋಗ ಕಡಿಮೆ. ಇದು ತರ್ಕ. ಚೀಟಿ ಎತ್ತಿ ಮನೆಗಳನ್ನು ಎರಡು ಪಾಲು ಮಾಡಿ ನಡೆಸಿದ ದೊಡ್ಡ ಪರೀಕ್ಷೆಗಳು ಈ ತರ್ಕಕ್ಕೆ ಸುಲಭವಾಗಿ ಸಹಿ ಹಾಕಿಲ್ಲ.

ಗ್ವಾಟೆಮಾಲದಲ್ಲಿ ಕೊಳವೆ ಒಲೆ ಕೊಟ್ಟು ನೋಡಿದ ಪರೀಕ್ಷೆಯ ಫಲ 2011ರಲ್ಲಿ ಬಂತು. ಮಕ್ಕಳ ಉಸಿರಿಗೆ ಬೀಳುವ ಹೊಗೆ ಅರ್ಧಕ್ಕಿಳಿದಿತ್ತು. ವೈದ್ಯರು ಗುರುತಿಸಿದ ಒಟ್ಟು ನ್ಯುಮೋನಿಯಾದಲ್ಲಿ ಖಚಿತ ಇಳಿಕೆ ಕಾಣಲಿಲ್ಲ. ತೀವ್ರ ರೂಪದ್ದು ಮಾತ್ರ ಮೂರನೇ ಒಂದರಷ್ಟು ತಗ್ಗಿತು. ಒಡಿಶಾದಲ್ಲಿ ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ನಾಲ್ಕು ವರ್ಷ ಬೆನ್ನುಹತ್ತಿ ನೋಡಿದರೆ ಮೊದಲ ವರ್ಷದ ಲಾಭ ಆಮೇಲೆ ಕರಗಿಹೋಗಿತ್ತು, ಏಕೆಂದರೆ ಜನ ಒಲೆಯನ್ನು ಬಳಸುವುದನ್ನೂ ರಿಪೇರಿ ಮಾಡುವುದನ್ನೂ ಬಿಟ್ಟಿದ್ದರು. ಮಲಾವಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ನಡುವೆ ಫ್ಯಾನಿನ ಒಲೆಯ ಪರೀಕ್ಷೆ ನಡೆಯಿತು. 2017ರ ವರದಿಯ ಪ್ರಕಾರ ನ್ಯುಮೋನಿಯಾ ಹಾಗೇ ಇತ್ತು. ನಮ್ಮ ಕೊಪ್ಪಳದಲ್ಲೇ ಇಂಗಾಲದ ಕ್ರೆಡಿಟ್ ಹಣದಿಂದ ಹಂಚಿದ ಸುಧಾರಿತ ಒಲೆಗಳನ್ನು ಅಳೆದವರಿಗೆ ಹೇಳಿಕೊಂಡಷ್ಟು ಕಟ್ಟಿಗೆ ಉಳಿತಾಯ ಸಿಗಲಿಲ್ಲ.

ಹಾಗಾದರೆ ಗ್ಯಾಸನ್ನೇ ಪುಕ್ಕಟೆ ಕೊಟ್ಟು ನೋಡೋಣ ಎಂದು ತಮಿಳುನಾಡು, ಗ್ವಾಟೆಮಾಲ, ಪೆರು, ರುವಾಂಡಾಗಳ 3,200 ಗರ್ಭಿಣಿಯರ ಮನೆಗಳಲ್ಲಿ 'ಹಾಪಿನ್' ಪರೀಕ್ಷೆ ನಡೆಯಿತು. ಜನ ಗ್ಯಾಸ್ ಬಳಸಿದರು. ಗರ್ಭಿಣಿಯರ ಉಸಿರಿನ ಸೂಕ್ಷ್ಮ ಕಣ 70ರ ಆಸುಪಾಸಿನಿಂದ 24ಕ್ಕೆ ಇಳಿಯಿತು. ಹುಟ್ಟಿದ ಮಗುವಿನ ತೂಕದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಮೊದಲ ವರ್ಷದ ನ್ಯುಮೋನಿಯಾದಲ್ಲೂ ಇರಲಿಲ್ಲ.

ಇದಕ್ಕೆ ಉತ್ತರಗಳು ಹಲವು. ಗರ್ಭದ ಮೊದಲ ವಾರಗಳು ಕಳೆದ ಮೇಲೆ ಗ್ಯಾಸ್ ತಲುಪಿತು ಎನ್ನುತ್ತಾರೆ ಕೆಲವರು. ಲಸಿಕೆ ಬಂದ ಮೇಲೆ ನ್ಯುಮೋನಿಯಾದ ಸ್ವರೂಪವೇ ಬದಲಾಗಿದೆ ಎನ್ನುತ್ತಾರೆ ಇನ್ನು ಕೆಲವರು. ಹೊಗೆಗೂ ರೋಗಕ್ಕೂ ಇರುವ ನಂಟು ನೇರ ಗೆರೆಯಲ್ಲ, ಬಾಗಿದ ಗೆರೆ ಎನ್ನುವುದು ಮೂರನೆಯ ಮಾತು: ಬಹಳ ಹೊಗೆಯಿಂದ ಸಾಧಾರಣ ಹೊಗೆಗೆ ಬಂದರೆ ಲಾಭ ಅಲ್ಪ, ಸಾಧಾರಣದಿಂದ ತೀರ ಕಡಿಮೆಗೆ ಇಳಿದಾಗಲೇ ದೊಡ್ಡ ಲಾಭ. ಅಂದರೆ ಅರ್ಧ ಸುಧಾರಣೆಗೆ ಅರ್ಧ ಫಲವೂ ಇಲ್ಲ.

ನನ್ನದೊಂದು ಕೊಂಕು ಸೇರಿಸುತ್ತೇನೆ. ಪರೀಕ್ಷೆ ಮಾಡುವವರು ಕೂಸನ್ನು ಅಳೆಯುತ್ತಾರೆ, ಏಕೆಂದರೆ ಕೂಸಿನ ಫಲಿತಾಂಶ ಒಂದೂವರೆ ವರ್ಷದಲ್ಲಿ ಬರುತ್ತದೆ. ಮೈಸೂರಿನ ಆ ಸೂಚ್ಯಂಕ ಕೇಳುವುದು ಇಪ್ಪತ್ತು ವರ್ಷವನ್ನು. ನಲವತ್ತು ದಾಟಿದ ಹೆಂಗಸಿನ ಏದುಸಿರನ್ನು ಪರೀಕ್ಷಿಸುವಷ್ಟು ಉದ್ದದ ಅನುದಾನವನ್ನು ಯಾರೂ ಕೊಡುವುದಿಲ್ಲ. ಒಲೆಯಿಂದ ಲಾಭವಿಲ್ಲ ಎಂದು ಇದನ್ನೆಲ್ಲ ಓದುವುದು ತಪ್ಪು. ಯಾರಿಗೆ ಲಾಭವೋ ಅವರನ್ನು ಇನ್ನೂ ಸರಿಯಾಗಿ ನೋಡಿಲ್ಲ.

ಊರಿಗೇ ಹೊಗೆ

ಪರೀಕ್ಷೆಗಳು ಸೋತದ್ದಕ್ಕೆ ಇನ್ನೊಂದು ವಿವರಣೆಯಿದೆ, ದಾವಣಗೆರೆಯವರಿಗೆ ಅದು ಬೇಗ ಅರ್ಥವಾಗುತ್ತದೆ. ಒಂದು ಮನೆಯ ಒಲೆ ಬದಲಾದರೂ ಊರಿನ ಗಾಳಿ ಬದಲಾಗದು. ದೇಶದಲ್ಲಿ ಮನೆಯ ಹೊರಗಿನ ಗಾಳಿಯಲ್ಲಿರುವ ಸೂಕ್ಷ್ಮ ಕಣದ ಸುಮಾರು ಕಾಲುಭಾಗ ಮನೆಯ ಒಲೆಗಳಿಂದಲೇ ಬರುತ್ತದೆಂಬ ಅಂದಾಜಿದೆ. 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಬಂದಾಗ ಮಿತಿ ಮೀರಿದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕಿದ್ದವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ದಾವಣಗೆರೆ.

ಇಲ್ಲಿ ಮಂಡಕ್ಕಿ ಭಟ್ಟಿಗಳಿವೆ. ಕಾದ ಮರಳಿನಲ್ಲಿ ಅಕ್ಕಿ ಹುರಿದು ಅರಳಿಸುವ ಸಾಲು ಸಾಲು ಗೂಡು. ಇಡೀ ರಾಜ್ಯದ ಗಿರ್ಮಿಟ್ಟು, ಚುರುಮುರಿಗೆ ಮಂಡಕ್ಕಿ ಕಳಿಸುವ ಈ ಬಡಾವಣೆಯಲ್ಲಿ ಹೊಟ್ಟಿನ ಜೊತೆ ಹಳೆಯ ಟೈರು ಸುಡುತ್ತಾರೆಂಬ ದೂರು ವರ್ಷಗಟ್ಟಲೆ ಕೇಳಿಬಂದಿದೆ. ಭಟ್ಟಿ ಎಂದರೆ ಕಾರ್ಖಾನೆ. ಆದರೆ ಭಟ್ಟಿಯ ಹಿಂದೆಯೇ ಮನೆ, ಮನೆಯೊಳಗೆ ಗ್ಯಾಸ್. ಆ ಮನೆಯ ಹೆಂಗಸು ಸರ್ಕಾರದ ದಾಖಲೆಯಲ್ಲಿ ಸ್ವಚ್ಛ ಇಂಧನ ಬಳಸುವವಳು. ಚನ್ನಗಿರಿ ಕಡೆ ಅಡಿಕೆ ಸುಗ್ಗಿಯಲ್ಲಿ ಹಂಡೆಗಟ್ಟಲೆ ಅಡಿಕೆ ಬೇಯುವಾಗ ಊರ ಮೇಲೆ ತಿಂಗಳುಗಟ್ಟಲೆ ಕಟ್ಟಿಗೆಯ ಮಂಜು. ಬೆಣ್ಣೆ ದೋಸೆಯ ಹೋಟೆಲುಗಳ ಹೆಮ್ಮೆಯೇ ಕಟ್ಟಿಗೆ ಒಲೆ. ಆ ರುಚಿಗೆ ನಾನೂ ಸೋತವನು, ಒಲೆಯ ಹತ್ತಿರದ ಮೇಜನ್ನು ಮಾತ್ರ ಆರಿಸುವುದಿಲ್ಲ.

ಒಲೆಯನ್ನು ಮನೆಗೆ ಸೇರಿದ್ದೆಂದೂ ಭಟ್ಟಿಯನ್ನು ಮಾಲಿನ್ಯ ಮಂಡಳಿಗೆ ಸೇರಿದ್ದೆಂದೂ ಹಂಚಿಕೊಂಡವರು ಕಚೇರಿಗಳು. ಶ್ವಾಸಕೋಶ ಆ ಹಂಚಿಕೆಯನ್ನು ಒಪ್ಪಿಲ್ಲ.

ಇನ್ನೂ ತೀರದ್ದು

ಎಷ್ಟು ಕಡಿಮೆ ಎಂದರೆ ಸಾಕು? ಇದು ವೈದ್ಯರ ಪ್ರಶ್ನೆ, ಇನ್ನೂ ತೆರೆದೇ ಇದೆ. 24ಕ್ಕೆ ಇಳಿದರೂ ಕೂಸಿನ ತೂಕ ಏರದಿದ್ದರೆ, ಸುತ್ತಲ ಊರಿನ ಗಾಳಿಯೇ 30-40 ಇರುವಲ್ಲಿ ಒಂದು ಮನೆ ಏನು ಮಾಡಬಲ್ಲದು?

ಕರೆಂಟಿನ ಒಲೆ ಗ್ಯಾಸಿನ ಜಾಗ ಹಿಡಿಯಬಲ್ಲದೇ ಎನ್ನುವುದು ಎರಡನೆಯದು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ಸಿಗುವ ಯೂನಿಟ್ ನಿಗದಿಯಾಗುವುದು 2022-23ರ ಸರಾಸರಿ ಬಳಕೆಯ ಮೇಲೆ ತುಸು ಸೇರಿಸಿ. ತೀರ ಕಡಿಮೆ ಬಳಸುವವರಿಗೆ ಹೆಚ್ಚುವರಿ 10 ಯೂನಿಟ್. ಒಂದು ಸಿಲಿಂಡರಿನ ಕೆಲಸವನ್ನು ಇಂಡಕ್ಷನ್ ಒಲೆಯಲ್ಲಿ ಮಾಡಲು ಸುಮಾರು ನೂರು, ನೂರಿಪ್ಪತ್ತು ಯೂನಿಟ್ ಬೇಕು. 200 ಯೂನಿಟ್ ಉಚಿತ ಎಂದು ಕೇಳಿದ ಬಡವಿಗೆ ನಿಜಕ್ಕೂ ಸಿಗುವುದು ಎರಡು ಬಲ್ಬು, ಒಂದು ಫ್ಯಾನಿಗಾಗುವಷ್ಟು. ಕಡಿಮೆ ಬಳಸಿ ಬದುಕಿದವರಿಗೇ ಒಲೆ ಬದಲಿಸಲು ಅವಕಾಶ ಕಡಿಮೆ. ಈ ನಿಯಮವನ್ನು ಬದಲಿಸಲು ಹೊಸ ಸಂಶೋಧನೆ ಬೇಕಿಲ್ಲ.

ಮೂರನೆಯದು ಆವರಗೆರೆಯ ಅಕ್ಕನ ಹಂಡೆ. ಸೌರ ಹೀಟರು ಆಕೆಯ ತಗಡಿನ ಮಾಡಿಗೆ ಭಾರ, ಗೀಸರು ಮೀಟರಿಗೆ ಭಾರ. ಲೋಕ್ರಸ್ ತಂಡದ ನೀರೊಲೆ ಮೂವತ್ತು ವರ್ಷಗಳ ಹಿಂದೆಯೇ ತಯಾರಿತ್ತು; ಅದಕ್ಕೆ ಉಜ್ವಲದಂಥ ಯೋಜನೆ ಬರಲಿಲ್ಲ. ಅಡುಗೆ ಅನಿಲ ಬಂದ ಮನೆಗಳಲ್ಲಿ ಉಳಿದ ಹೊಗೆಯಲ್ಲಿ ನೀರು ಕಾಯಿಸುವುದರ ಪಾಲೆಷ್ಟು ಎಂದು ಜಿಲ್ಲೆಯ ಒಂದು ಹೋಬಳಿಯಲ್ಲಾದರೂ ಒಂದು ಚಳಿಗಾಲ ಅಳೆಯುವುದು ಎರಡು ವೈದ್ಯಕೀಯ ಕಾಲೇಜುಗಳಿರುವ ಊರಿಗೆ ಅಸಾಧ್ಯದ ಕೆಲಸವಲ್ಲ.

ಜನಗಣತಿಯವರೂ ಆರೋಗ್ಯ ಸಮೀಕ್ಷೆಯವರೂ ಮನೆ ಬಾಗಿಲಿಗೆ ಬಂದು ಕೇಳುವುದು ಅಡುಗೆಗೆ ಮುಖ್ಯವಾಗಿ ಬಳಸುವ ಇಂಧನ ಯಾವುದು ಎಂದು. ಆವರಗೆರೆಯ ಆ ಅಕ್ಕ ಗ್ಯಾಸ್ ಎನ್ನುತ್ತಾರೆ, ಅದು ಸುಳ್ಳಲ್ಲ. ಜಳಕದ ನೀರಿಗೆ ಆ ಫಾರಂನಲ್ಲಿ ಕಲಂ ಇಲ್ಲ.